ಆವರಣದ ಗಡಿ ಎಲ್ಲಿ? ನುಡಿ–ಪೇಜ್‌ಮೇಕರ್ ಕಡತಗಳು ಮತ್ತು ಅಪ್ಲಿಕೇಶನ್ ವರ್ಚುವಲೈಸೇಶನ್

ವರ್ಚುವಲ್ ಯಂತ್ರಕ್ಕೆ ಇರಬೇಕಾದ ಮೂರು ಲಕ್ಷಣಗಳನ್ನು ಜೆರಾಲ್ಡ್ ಪೋಪೆಕ್ ಮತ್ತು ರಾಬರ್ಟ್ ಗೋಲ್ಡ್‌ಬರ್ಗ್ 1974ರಲ್ಲಿ ನಿರೂಪಿಸಿದರು: ನಿಜ ಯಂತ್ರದಲ್ಲಿ ನಡೆದಂತೆಯೇ ನಡೆಯುವುದು, ದಕ್ಷತೆ, ಸಂಪನ್ಮೂಲಗಳ ಮೇಲೆ ಪೂರ್ಣ ಹಿಡಿತ. ಯಂತ್ರದ ಮಟ್ಟದಲ್ಲಿ ಈ ನಿರೂಪಣೆ ಇಂದಿಗೂ ಗಟ್ಟಿಯಾಗಿದೆ. ಒಂದೊಂದೇ ತಂತ್ರಾಂಶವನ್ನು ಪ್ರತ್ಯೇಕ ಆವರಣದಲ್ಲಿ ನಡೆಸುವ ಅಪ್ಲಿಕೇಶನ್ ವರ್ಚುವಲೈಸೇಶನ್ನಿಗೂ ಇದೇ ಅಳತೆಗೋಲು ಸಲ್ಲುತ್ತದೆ ಎಂಬ ರೂಢಿಯ ಗ್ರಹಿಕೆಯನ್ನು ಮಾತ್ರ ಈ ಲೇಖನ ಪ್ರಶ್ನಿಸುತ್ತದೆ. ಅದಕ್ಕೆ ಆಧಾರ ಕನ್ನಡ ಡಿಟಿಪಿ ಕೆಲಸ, ಅಂದರೆ ಗಣಕದಲ್ಲಿ ಪುಟ ಕಟ್ಟುವ ಕೆಲಸ.

ತಂತ್ರದ ಸ್ವರೂಪದ ಬಗ್ಗೆ ವಿವಾದವಿಲ್ಲ. ತಂತ್ರಾಂಶವನ್ನು ಸ್ವಚ್ಛವಾದ ಗಣಕದಲ್ಲಿ ಒಮ್ಮೆ ಅನುಸ್ಥಾಪಿಸಿ, ಆಗ ಸೇರಿದ ಕಡತಗಳನ್ನೂ ರಿಜಿಸ್ಟ್ರಿಯ ನಮೂದುಗಳನ್ನೂ ಹಿಡಿದು ಒಂದು ಪೊಟ್ಟಣವಾಗಿ ಕಟ್ಟುತ್ತಾರೆ. ಬಳಕೆಯ ವೇಳೆ ತಂತ್ರಾಂಶ ಆಪರೇಟಿಂಗ್ ಸಿಸ್ಟಂಗೆ ಕಳಿಸುವ ಕೋರಿಕೆಗಳನ್ನು ನಡುವಿನ ಪದರವೊಂದು ತಡೆಯುತ್ತದೆ. ಓದುವ ಕೋರಿಕೆ ಮೊದಲು ಪೊಟ್ಟಣದೊಳಗೆ ಹುಡುಕುತ್ತದೆ. ತಂತ್ರಾಂಶ ತನ್ನ ವ್ಯವಸ್ಥೆಯಲ್ಲಿ ಮಾಡುವ ಬದಲಾವಣೆ ಮೂಲ ಗಣಕವನ್ನು ಮುಟ್ಟದೆ ಬೇರೆ ಜಾಗದಲ್ಲಿ ಉಳಿಯುತ್ತದೆ. ಈ ತಂತ್ರದ ಸಾಧನಗಳಲ್ಲಿ, ಮೈಕ್ರೋಸಾಫ್ಟ್ 2006ರಲ್ಲಿ ಕೊಂಡ ಸಾಫ್ಟ್‌ಗ್ರಿಡ್ ಮುಂದೆ ಆ್ಯಪ್-ವಿ ಆಯಿತು. ವಿಎಂವೇರ್ 2008ರಲ್ಲಿ ಕೊಂಡ ಥಿನ್‌ಸ್ಟಾಲ್ ಥಿನ್‌ಆ್ಯಪ್ ಆಯಿತು. ಸಂಸ್ಥೆಗಳಿಗೆ ಇದರಿಂದಾಗುವ ಲಾಭವೂ ಸ್ಪಷ್ಟ: ಗಣಕದಿಂದ ಗಣಕಕ್ಕೆ ಅನುಸ್ಥಾಪನೆಯ ಶ್ರಮವಿಲ್ಲ, ಒಂದೇ ತಂತ್ರಾಂಶದ ಎರಡು ಆವೃತ್ತಿಗಳು ಜಗಳವಿಲ್ಲದೆ ನಡೆಯುತ್ತವೆ, ಬೇಡವಾದಾಗ ತೆಗೆದರೆ ಶೇಷ ಉಳಿಯುವುದಿಲ್ಲ.

ಚರ್ಚೆ ಬೇಕಾದದ್ದು ಆವರಣದ ಗಡಿಯ ಬಗ್ಗೆ. ಬೆಂಗಳೂರಿನ ಶ್ರೀನಗರ, ಹನುಮಂತನಗರ, ಚಾಮರಾಜಪೇಟೆಗಳಂಥ ಕಡೆ ಪುಸ್ತಕ ಕಟ್ಟುವವರಿಗೆ ಪರಿಚಿತವಾದ ಜೋಡಿ ಪುಟವಿನ್ಯಾಸದ ತಂತ್ರಾಂಶ ಪೇಜ್‌ಮೇಕರ್ ಮತ್ತು ಕನ್ನಡ ಗಣಕ ಪರಿಷತ್ತಿನ ಕನ್ನಡ ಟೈಪಿಂಗ್ ತಂತ್ರಾಂಶ ನುಡಿ. ಪೇಜ್‌ಮೇಕರ್‌ನ ಕೊನೆಯ ಪ್ರಮುಖ ಆವೃತ್ತಿ 7.0 ಬಂದದ್ದು 2001ರಲ್ಲಿ. ಅದಕ್ಕೆ ಯೂನಿಕೋಡ್ ತಿಳಿಯದು. ಯೂನಿಕೋಡ್‌ನಲ್ಲಿ ಕನ್ನಡಕ್ಕೆ 1991ರಲ್ಲೇ ಸ್ಥಾನ ಸಿಕ್ಕಿದ್ದರೂ ಈ ಕಡತಗಳಲ್ಲಿ ಕನ್ನಡದ ಅಕ್ಷರಭಾಗಗಳು ಲ್ಯಾಟಿನ್ ಅಕ್ಷರಗಳ ಸಂಕೇತಸ್ಥಾನದಲ್ಲಿ ಕುಳಿತಿವೆ. ಫಾಂಟ್ ಇಲ್ಲದ ಗಣಕದಲ್ಲಿ ತೆರೆದರೆ ಅರ್ಥವಿಲ್ಲದ ಲ್ಯಾಟಿನ್ ಅಕ್ಷರಗಳ ಸಾಲು ಕಾಣುತ್ತದೆ.

ಪೇಜ್‌ಮೇಕರ್ ಒಂದನ್ನೇ ಪೊಟ್ಟಣಕ್ಕೆ ಸೇರಿಸಿದರೆ ಪೋಪೆಕ್–ಗೋಲ್ಡ್‌ಬರ್ಗ್ ಹೇಳುವ ಸಮಾನ ವರ್ತನೆ ದೊರೆಯಬಹುದು, ಆದರೆ ಪುಟ ಓದಲಾಗದು. ನುಡಿಯ ಫಾಂಟ್‌ಗಳನ್ನೂ ಸೇರಿಸಿದರೆ ಓದಬಹುದು. ಟೈಪ್ ಮಾಡಲು ಅದೂ ಸಾಲದು. ಹಳೆಯ ನುಡಿ ಹಿನ್ನೆಲೆಯಲ್ಲಿ ನಡೆಯುವ ಬೇರೊಂದು ತಂತ್ರಾಂಶ. ಸ್ಕ್ರೋಲ್ ಲಾಕ್ ಒತ್ತಿ ಕನ್ನಡಕ್ಕೆ ಹೊರಳಿದ ಮೇಲೆ, ಮುಂದಿರುವ ಯಾವುದೇ ತಂತ್ರಾಂಶಕ್ಕೆ ಹೋಗುವ ಕೀಲಿಗಳನ್ನು ಅದು ಹಿಡಿದು ಬದಲಿಸುತ್ತದೆ. ಇನ್ನೊಂದು ತಂತ್ರಾಂಶದೊಳಕ್ಕೆ ಕೈ ಚಾಚುವುದೇ ಅದರ ಕೆಲಸ. ಹಾಗೆ ಚಾಚದಂತೆ ತಡೆಯುವುದು ಆವರಣದ ಕೆಲಸ. ಮಾರಾಟಗಾರರು ಮೊದಲ ಲಾಭವೆಂದು ಮುಂದಿಡುವ ಪ್ರತ್ಯೇಕತೆಯೇ ಇಲ್ಲಿ ಅಡ್ಡಿಯಾಗುತ್ತದೆ.

ಹಾಗಾಗಿ ನನ್ನ ವಾದ ಇದು: ಅಪ್ಲಿಕೇಶನ್ ವರ್ಚುವಲೈಸೇಶನ್ನಿನ ಘಟಕ ಒಂದು ತಂತ್ರಾಂಶವಲ್ಲ, ಒಂದು ಕೆಲಸಕ್ಕೆ ಒಟ್ಟಾಗಿ ಬೇಕಾಗುವ ತಂತ್ರಾಂಶಗಳ ಕೂಟ. ಯಂತ್ರದ ಗಡಿಯನ್ನು ಹಾರ್ಡ್‌ವೇರ್ ನಿರ್ಧರಿಸುತ್ತದೆ. ತಂತ್ರಾಂಶದ ಗಡಿಯನ್ನು ಪೊಟ್ಟಣ ಕಟ್ಟುವವರು ನಿರ್ಧರಿಸಬೇಕು, ಅದಕ್ಕೆ ಆ ಕೆಲಸ ಬಲ್ಲವರ ತಿಳಿವಳಿಕೆ ಬೇಕು. ಆ್ಯಪ್-ವಿಯ ಕನೆಕ್ಷನ್ ಗ್ರೂಪ್, ಥಿನ್‌ಆ್ಯಪ್‌ನ ಆ್ಯಪ್‌ಲಿಂಕ್ ಇದನ್ನು ಆಗಲೇ ಒಪ್ಪಿಕೊಂಡಿವೆಯಲ್ಲ ಎಂಬ ಆಕ್ಷೇಪ ಬರಬಹುದು. ಅವು ಪೊಟ್ಟಣಗಳನ್ನು ಜೋಡಿಸುವ ಸೌಲಭ್ಯ ಕೊಡುತ್ತವೆ, ನಿಜ. ಆದರೆ ಜೋಡಣೆಯನ್ನು ಆಮೇಲಿನ ಅನುಕೂಲವಾಗಿ ನೋಡುತ್ತವೆ. ಅದು ಮೊದಲ ಷರತ್ತಾಗಬೇಕೆಂಬುದು ನನ್ನ ನಿಲುವು.

ಈ ವಾದಕ್ಕೆ ಮಿತಿಗಳಿವೆ. ಇದು ಯೂನಿಕೋಡ್‌ಪೂರ್ವ ಕಡತಗಳಿಗೆ ಸಲ್ಲುವಷ್ಟು ಯೂನಿಕೋಡ್ ಕಡತಗಳಿಗೆ ಸಲ್ಲುವುದಿಲ್ಲ. ಕೀಲಿ ಹಿಡಿಯುವ ಭಾಗವನ್ನು ಆವರಣದ ಹೊರಗೇ ಉಳಿಸಿದರೆ ಟೈಪಿಂಗ್ ಸಾಧ್ಯವಾಗಬಹುದು. ಆಗ ಪ್ರತ್ಯೇಕತೆ ಅಷ್ಟರಮಟ್ಟಿಗೆ ಕುಗ್ಗುತ್ತದೆ. ಪ್ರಿಂಟರ್ ಡ್ರೈವರ್‌ಗಳು ಆವರಣದೊಳಗೆ ಬರುವುದಿಲ್ಲ. ಈ ತಂತ್ರ ಬೇರೊಂದು ಆಪರೇಟಿಂಗ್ ಸಿಸ್ಟಂ ಒದಗಿಸುವುದಿಲ್ಲವಾದ್ದರಿಂದ, 64-ಬಿಟ್ ವಿಂಡೋಸ್‌ನಲ್ಲಿ 16-ಬಿಟ್ ತಂತ್ರಾಂಶವನ್ನು ನಡೆಸಲೂ ಆಗದು.

ಎಲ್ಲವನ್ನೂ ಯೂನಿಕೋಡ್‌ಗೆ ಪರಿವರ್ತಿಸಿದರೆ ಸಾಲದೇ ಎಂಬ ಪ್ರಶ್ನೆ ಉಳಿಯುತ್ತದೆ. ಹುಡುಕಾಟಕ್ಕೆ, ಸಂಶೋಧನೆಗೆ, ಮುಂದಿನ ಪೀಳಿಗೆಗೆ ಪರಿವರ್ತನೆ ಆಗಲೇಬೇಕು. ಆದರೆ ಪರಿವರ್ತನೆಯಲ್ಲಿ ಪಠ್ಯ ದಾಟಿದಂತೆ ಪುಟ ದಾಟುವುದಿಲ್ಲ. ಹೊಸ ಫಾಂಟ್‌ನಲ್ಲಿ ಅಕ್ಷರದ ಅಗಲ ಬೇರೆಯಾಗುತ್ತದೆ, ಸಾಲು ಬೇರೆಡೆ ಮುರಿಯುತ್ತದೆ, ಪದಸೂಚಿಯ ಪುಟಸಂಖ್ಯೆ ತಪ್ಪುತ್ತದೆ. ಶಾಸನ ಸಂಪುಟವನ್ನೋ ನಿಘಂಟನ್ನೋ ನಾಲ್ಕು ತಿದ್ದುಪಡಿಯೊಂದಿಗೆ ಮರುಮುದ್ರಿಸುವ ಪ್ರಕಾಶಕರಿಗೆ ಮೂಲ ಪುಟವಿನ್ಯಾಸವೇ ಮುಖ್ಯ. ಅಂಥವರಿಗೆ ಸರಿಯಾಗಿ ಕಟ್ಟಿದ ಕೂಟ ಪರಿವರ್ತನೆಯ ಜೊತೆಗೇ ಬೇಕಾದ ಸಾಧನ.

ಒಂದು ಕೂಟಕ್ಕೆ ಕನಿಷ್ಠ ಯಾವ ಯಾವ ಭಾಗ ಬೇಕು, ಹಳೆಯ ಪರವಾನಗಿಗಳು ಇಂಥ ಪೊಟ್ಟಣಕ್ಕೆ ಎಷ್ಟರಮಟ್ಟಿಗೆ ಅವಕಾಶ ಕೊಡುತ್ತವೆ, ವಿಂಡೋಸ್ ಬದಲಾದಂತೆ ಅದು ಎಷ್ಟು ಕಾಲ ಬಾಳುತ್ತದೆ ಎಂಬ ಪ್ರಶ್ನೆಗಳನ್ನು ಇಲ್ಲಿ ಬಿಡಿಸಿಲ್ಲ. ಪೊಟ್ಟಣದ ತಂತ್ರಜ್ಞರು ಮತ್ತು ಡಿಟಿಪಿ ಕೆಲಸಗಾರರು ಒಟ್ಟಿಗೆ ನಡೆಸುವ ಪರೀಕ್ಷೆಗಳಿಂದಲೇ ಅವು ಇತ್ಯರ್ಥವಾಗಬೇಕು.