ಮೈನ್ ಪಿಕ್ಚರಿಗೆ ಮೊದಲಿನ ಏಳು ನಿಮಿಷ



ಹಳೆಯ ಹಾಡುಗಳ ಫೋನ್-ಇನ್ ಇನ್ನೇನು ಮುಗಿಯಬೇಕು ಎನ್ನುವಾಗ ಭಿವಂಡಿಯಿಂದ ಒಬ್ಬರು ಫೋನ್ ಮಾಡಿದರು. ಹಾಡು ಬೇಡ ಅಂದರು. "ಮೇಡಂ, ಒಂದು ಪ್ರಶ್ನೆ ಇದೆ." ಎಪ್ಪತ್ತರ ದಶಕದಲ್ಲಿ ಊರು ಬಿಟ್ಟು ಬಂದು ಹೋಟೆಲಿನಲ್ಲಿ ಲೋಟ ತೊಳೆಯುತ್ತಿದ್ದವರು ಅವರು. ಹಗಲು ಕೆಲಸ, ರಾತ್ರಿ ಶಾಲೆ, ರಜೆ ಸಿಕ್ಕಿದರೆ ಸಿನಿಮಾ. ಪವರ್‌ಲೂಮ್ ಕೆಲಸಗಾರರ ನಡುವೆ ಮುಂದಿನ ಬೆಂಚಿನಲ್ಲಿ ಕೂತರೆ ಮೊದಲು ಸರಕಾರದ ನ್ಯೂಸ್ ರೀಲು, ಒಮ್ಮೊಮ್ಮೆ ಒಂದು ಕಾರ್ಟೂನು. "ಹಿಂದಿ ಅರ್ಥ ಆಗ್ತಿರಲಿಲ್ಲ ಮೇಡಂ. ಕಾರ್ಟೂನು ಅರ್ಥ ಆಗ್ತಿತ್ತು. ಅದನ್ನೆಲ್ಲ ಬಿಡಿಸಿದವರು ಯಾರು?"

ಸಮಯ ಮುಗಿದಿತ್ತು. ಮುಂದೆ ಯಾವಾಗಲಾದರೂ ಹೇಳುತ್ತೇನೆ ಅಂದೆ. ಆ ಮಾತು ಉಳಿಸಿಕೊಳ್ಳಲು ಈ ಬರಹ.

ಕಥೆ ಶುರುವಾಗುವುದು ದಾದಾಸಾಹೇಬ್ ಫಾಲ್ಕೆ ಅವರಿಂದಲೇ. 'ರಾಜಾ ಹರಿಶ್ಚಂದ್ರ'ಕ್ಕೂ ಮುಂಚೆ, ಸಿನಿಮಾಕ್ಕೆ ಹಣ ಹಾಕುವವರನ್ನು ಒಪ್ಪಿಸುವುದಕ್ಕೆಂದು ಅವರು ಕುಂಡದಲ್ಲಿ ಬಟಾಣಿ ಬಿತ್ತಿ, ಅದು ಮೊಳೆತು ಬೆಳೆಯುವುದನ್ನು ದಿನದಿನವೂ ಒಂದೊಂದೇ ಫ್ರೇಮಾಗಿ ಚಿತ್ರಿಸಿದ್ದರು. ಪರದೆಯ ಮೇಲೆ ಗಿಡ ನಿಮಿಷದೊಳಗೆ ಎದ್ದು ನಿಂತಿತು! 1915ರಲ್ಲಿ ಬೆಂಕಿಕಡ್ಡಿಗಳನ್ನೇ ಕುಣಿಸಿ 'ಆಗ್‌ಕಾಡ್ಯಾಂಚೀ ಮೌಜ್' ಎಂಬ ಪುಟ್ಟ ಚಿತ್ರ ಮಾಡಿದರು. ಕಡ್ಡಿಯನ್ನು ತುಸು ಸರಿಸುವುದು, ಒಂದು ಫ್ರೇಮ್ ತೆಗೆಯುವುದು, ಮತ್ತೆ ಸರಿಸುವುದು. ಅನಿಮೇಷನ್ನಿನ ಗುಟ್ಟೆಲ್ಲ ಇಷ್ಟೇ. ಉಳಿದದ್ದು ತಾಳ್ಮೆ.

ಮೂವತ್ತರ ದಶಕದಲ್ಲಿ ಕಲ್ಕತ್ತ, ಮುಂಬಯಿಗಳಲ್ಲಿ ಅಲ್ಲೊಂದು ಇಲ್ಲೊಂದು ಪ್ರಯತ್ನ ನಡೆಯಿತು. ನಮ್ಮ ಭಿವಂಡಿಯ ಕೇಳುಗರು ನೋಡಿದ ಕಾರ್ಟೂನಿನ ಮೂಲ ಮಾತ್ರ ಬೇರೆ ಕಡೆ ಇದೆ, ಪೆಡ್ಡರ್ ರೋಡಿನ ಫಿಲ್ಮ್ಸ್ ಡಿವಿಷನ್ನಿನಲ್ಲಿ. 1948ರಲ್ಲಿ ಹುಟ್ಟಿದ ಈ ಸಂಸ್ಥೆಯಲ್ಲಿ 1956ರಲ್ಲಿ ಕಾರ್ಟೂನ್ ವಿಭಾಗ ತೆರೆಯಿತು. ಕಲಿಸಲು ಬಂದವರು ಡಿಸ್ನಿಯ ಕಲಾವಿದ ಕ್ಲೇರ್ ವೀಕ್ಸ್. ಮಿಷನರಿ ದಂಪತಿಗೆ ಭಾರತದಲ್ಲೇ ಹುಟ್ಟಿದವರು. 'ಬ್ಯಾಂಬಿ'ಗೆ ಕೆಲಸ ಮಾಡಿದ್ದವರು. ಇಲ್ಲಿ ಅವರ ಕೈಕೆಳಗೆ 1957ರಲ್ಲಿ ತಯಾರಾದದ್ದೂ ಜಿಂಕೆಯ ಕಥೆಯೇ: ಜಾತಕ ಕಥೆ ಆಧರಿಸಿದ 'ದಿ ಬ್ಯಾನಿಯನ್ ಡಿಯರ್'. ಸರದಿಯ ಪ್ರಕಾರ ಬಸುರಿ ಜಿಂಕೆ ಸಾಯಬೇಕಾಗಿ ಬಂದಾಗ ಜಿಂಕೆಗಳ ಅರಸ ತಾನೇ ಹೋಗಿ ಕೊರಳೊಡ್ಡುತ್ತಾನೆ. ನಮಗೆ ಪುಣ್ಯಕೋಟಿ ನೆನಪಾಗದೆ ಇರುತ್ತದೆಯೇ? (ಆ ಗೋವಿನ ಕಥೆಯೂ ಪೂರ್ಣಾವಧಿ ಅನಿಮೇಷನ್ ಆಗಿ 2020ರಲ್ಲಿ ಬಂತು, ಅದೂ ಸಂಸ್ಕೃತದಲ್ಲಿ. ರವಿಶಂಕರ್ ವೆಂಕಟೇಶ್ವರನ್ ಜನರಿಂದ ಹಣ ಕೂಡಿಸಿ ಮಾಡಿದ ಚಿತ್ರ.)

ಈಗ ಬಿಡಿಸುವ ಕೆಲಸಕ್ಕೆ ಬರೋಣ. ಸಿನಿಮಾ ಸೆಕೆಂಡಿಗೆ 24 ಫ್ರೇಮ್ ಓಡುತ್ತದೆ. ಒಂದು ಚಿತ್ರವನ್ನು ಎರಡೆರಡು ಫ್ರೇಮಿಗೆ ಹಿಡಿದು ಉಳಿತಾಯ ಮಾಡಿದರೂ ಸೆಕೆಂಡಿಗೆ 12 ಚಿತ್ರ ಬೇಕು. ಏಳು ನಿಮಿಷಕ್ಕೆ 5,040. ಅದೂ ಒಂದೇ ಪಾತ್ರ ಆಡುತ್ತಿದ್ದರೆ! ಮುಖ್ಯ ಕಲಾವಿದ ಜಿಂಕೆ ನೆಲ ಬಿಡುವ ಭಂಗಿ, ನೆಲ ಮುಟ್ಟುವ ಭಂಗಿ ಬರೆದುಕೊಡುತ್ತಾನೆ. ನಡುವಿನ ನೆಗೆತವನ್ನೆಲ್ಲ ಸಹಾಯಕರು ತುಂಬಬೇಕು. ಆಮೇಲೆ ಪ್ರತಿಯೊಂದನ್ನೂ ಪಾರದರ್ಶಕ ಹಾಳೆಗೆ ಇಂಕಿನಲ್ಲಿ ಟ್ರೇಸ್ ಮಾಡಿ, ಹಾಳೆ ಮಗುಚಿ, ಗೆರೆ ಮುಚ್ಚಿಹೋಗದ ಹಾಗೆ ಹಿಂದಿನಿಂದ ಬಣ್ಣ ತುಂಬಬೇಕು. ಒಣಗಿದ ಮೇಲೆ ಹಿನ್ನೆಲೆಯ ಚಿತ್ರದ ಮೇಲಿಟ್ಟು, ಮೇಲಿಂದ ಕ್ಯಾಮೆರಾದಲ್ಲಿ ತೆಗೆಯಬೇಕು. ಹಾಳೆಯ ತೂತುಗಳು ಮೇಜಿನ ಗೂಟಗಳಿಗೆ ಸರಿಯಾಗಿ ಕೂರಬೇಕು. ಕೂದಲೆಳೆಯಷ್ಟು ಸರಿದರೂ ಪರದೆಯಲ್ಲಿ ಜಿಂಕೆ ನಡುಗುತ್ತದೆ.

ಭಿವಂಡಿಯವರಿಗೆ ಇದನ್ನು ನಾನು ವಿವರಿಸಬೇಕಿಲ್ಲ. ಲಾಳಿ ಒಂದು ಸಲ ಹಾದರೆ ಒಂದು ಎಳೆ. ಎಳೆ ತಪ್ಪಿದರೆ ಬಟ್ಟೆಯಲ್ಲಿ ಗೆರೆ ಬೀಳುತ್ತದೆ. ನೇಯ್ದವನ ಹೆಸರು ಮಾತ್ರ ಬಟ್ಟೆಯ ಮೇಲೆ ಇರುವುದಿಲ್ಲ. ನಡುವಿನ ಚಿತ್ರ ತುಂಬಿದವರು, ಟ್ರೇಸ್ ಮಾಡಿದವರ ಪಾಡೂ ಹೆಚ್ಚು ಕಡಿಮೆ ಅದೇ.

ನನ್ನ ಅಭಿಪ್ರಾಯ ಕೇಳುವುದಾದರೆ, ವೀಕ್ಸ್ ಕಲಿಸಿದ ಆ ನಯವಾದ ಚಲನೆಗಿಂತ ದೊಡ್ಡದು ಇಲ್ಲಿಯ ಹುಡುಗರು ಆಮೇಲೆ ತಾವಾಗಿ ಕಂಡುಕೊಂಡದ್ದು. ಕುಟುಂಬ ಯೋಜನೆ, ಉಳಿತಾಯ ಎಂದೆಲ್ಲ ಸರಕಾರ ಕೊಟ್ಟ ವಿಷಯಗಳು. ಕೈಗಳು ಕಡಿಮೆ, ಹಣ ಕಡಿಮೆ. ಡಿಸ್ನಿಯ ಹಾಗೆ ಎಲ್ಲವನ್ನೂ ಅಲ್ಲಾಡಿಸಲು ಸಾಧ್ಯವಿಲ್ಲ. ಹಾಗಾದರೆ ಯಾವುದು ಅಲ್ಲಾಡಬೇಕು, ಯಾವುದು ಸುಮ್ಮನಿರಬೇಕು? ಮೈಕಿನ ಮುಂದೆ ಕೂರುವ ನನಗೆ ಇದು ಚೆನ್ನಾಗಿ ಅರ್ಥವಾಗುತ್ತದೆ. ಮಾತು ಹೇಗೋ ಬರುತ್ತದೆ, ಎಲ್ಲಿ ನಿಲ್ಲಿಸಬೇಕೆಂದು ಕಲಿಯುವುದಕ್ಕೆ ವರ್ಷಗಳು ಬೇಕು.

ವೀಕ್ಸ್ ಬಳಿ ಕಲಿತ ರಾಮ್ ಮೋಹನ್ (1931–2019) 1968ರಲ್ಲಿ ಫಿಲ್ಮ್ಸ್ ಡಿವಿಷನ್ ಬಿಟ್ಟು, 1972ರಲ್ಲಿ ಸ್ವಂತ ಸ್ಟುಡಿಯೋ ಕಟ್ಟಿದರು. ಮೃಣಾಲ್ ಸೇನರ 'ಭುವನ್ ಶೋಮ್'ನ ಅನಿಮೇಷನ್ ತುಣುಕು, ಯುನಿಸೆಫ್‌ಗಾಗಿ ಮಾಡಿದ 'ಮೀನಾ', ಎರಡೂ ಅವರ ಕೈಯವೇ. ಪ್ರಮೋದ್ ಪತಿ ಇನ್ನೊಂದು ದಿಕ್ಕಿನವರು. 1972ರ 'ಅಬಿದ್'ನಲ್ಲಿ ಕಲಾವಿದ ಅಬಿದ್ ಸುರ್ತಿಯವರನ್ನೇ ಗೊಂಬೆಯ ಹಾಗೆ ಫ್ರೇಮ್ ಫ್ರೇಮಿಗೂ ಕದಲಿಸಿ, ಕೋಣೆಯ ಗೋಡೆಯೆಲ್ಲ ಬಣ್ಣವಾಗುವ ಹಾಗೆ ಮಾಡಿದರು. ಸರಕಾರಿ ಕಚೇರಿಯಿಂದ ಇಂಥದ್ದು ಹೊರಬಂತೆಂದರೆ ಇವತ್ತಿಗೂ ಆಶ್ಚರ್ಯ.

ಫಿಲ್ಮ್ಸ್ ಡಿವಿಷನ್ನಿನಲ್ಲಿ ಹಿನ್ನೆಲೆಯ ಚಿತ್ರ ಬರೆಯುತ್ತಿದ್ದ ಭೀಮ್‌ಸೇನ್ ಅವರ ಕೆಲಸವನ್ನು ನೀವು ಖಂಡಿತ ನೋಡಿದ್ದೀರಿ. 1974ರ 'ಏಕ್ ಅನೇಕ್ ಔರ್ ಏಕತಾ', ದೂರದರ್ಶನದಲ್ಲಿ ಎಷ್ಟೋ ಸಲ ಬಂದ ಹಕ್ಕಿಗಳ ಚಿತ್ರ. ನಿರ್ದೇಶನ ವಿಜಯಾ ಮುಳೆ, ಸಂಗೀತ ವಸಂತ ದೇಸಾಯಿ, ಹಾಡಿದ್ದು ಆಗ ಇನ್ನೂ ಬಾಲಕಿಯಾಗಿದ್ದ ಸಾಧನಾ ಸರ್ಗಮ್. ತಮ್ಮ ಕೇಳುತ್ತಾನೆ, ಅಕ್ಕ ಹೇಳುತ್ತಾಳೆ. ಬಲೆಗೆ ಬಿದ್ದ ಹಕ್ಕಿಗಳು ಒಟ್ಟಿಗೆ ಹಾರಿ ಬಲೆಯನ್ನೇ ಎತ್ತಿಕೊಂಡು ಹೋಗುತ್ತವೆ, ಇಲಿಗಳು ಅದನ್ನು ಕಡಿಯುತ್ತವೆ. ಗೆರೆ ಕಡಿಮೆ, ಬಣ್ಣ ಚಪ್ಪಟೆ. ರೆಕ್ಕೆ ಬಡಿಯುವ ಕೆಲವೇ ಚಿತ್ರಗಳನ್ನು ಸುತ್ತುಸುತ್ತಾಗಿ ಬಳಸುವುದು ಈ ಕಸುಬಿನ ಹಳೆಯ ಉಪಾಯ. ಒಂದು ಹಕ್ಕಿ ಬರೆದರೆ ಹಿಂಡೇ ಹಾರುತ್ತದೆ! ನಮ್ಮ ಕೇಳುಗರಿಗೆ ಹಿಂದಿ ಬಾರದೆಯೂ ಕಾರ್ಟೂನು ಅರ್ಥವಾದದ್ದು ಇಂಥ ಮಿತವ್ಯಯದಿಂದ ಎಂದೇ ನನಗನ್ನಿಸುತ್ತದೆ. ಗೆರೆಯೇ ಮಾತಾಡಬೇಕಿತ್ತು.

ಅದೇ ಸಾಲಿನವರು ಗೀತಾಂಜಲಿ ರಾವ್. ಜೆ.ಜೆ. ಕಲಾಶಾಲೆ ಮುಗಿಸಿ ರಾಮ್ ಮೋಹನ್ ಸ್ಟುಡಿಯೋದಲ್ಲಿ ಕೆಲಸ ಕಲಿತವರು. ಅವರ 'ಪ್ರಿಂಟೆಡ್ ರೇನ್‌ಬೋ' 2006ರಲ್ಲಿ ಕಾನ್ ಉತ್ಸವದ ಕ್ರಿಟಿಕ್ಸ್ ವೀಕ್‌ನಲ್ಲಿ ಪ್ರಶಸ್ತಿ ಪಡೆಯಿತು. ಒಂಟಿ ಮುದುಕಿ, ಅವಳ ಬೆಕ್ಕು, ಮತ್ತು ಬೆಂಕಿಪೊಟ್ಟಣಗಳ ಸಂಗ್ರಹ. ಪೊಟ್ಟಣದ ಚಿತ್ರ ನೋಡುತ್ತ ನೋಡುತ್ತ ಮುದುಕಿ ಅದರೊಳಗೇ ಹೊರಟುಬಿಡುತ್ತಾಳೆ. ಫಾಲ್ಕೆಯವರ ಕಡ್ಡಿಗೂ ಈ ಪೊಟ್ಟಣಕ್ಕೂ ನಡುವೆ 91 ವರ್ಷ.

ಥಿಯೇಟರಿನವರು ಈ ಕಿರುಚಿತ್ರಗಳನ್ನು ಪ್ರೀತಿಯಿಂದೇನೂ ಹಾಕುತ್ತಿರಲಿಲ್ಲ, ಅದು ಲೈಸೆನ್ಸಿನ ಷರತ್ತು. ಖಾಸಗಿ ಟಿ.ವಿ. ಬಂದ ಮೇಲೆ ನೋಡುವ ಕಣ್ಣುಗಳೂ ಆ ಕಡೆ ತಿರುಗಿದವು. 2022ರಲ್ಲಿ ಫಿಲ್ಮ್ಸ್ ಡಿವಿಷನ್ ಎನ್‌ಎಫ್‌ಡಿಸಿಯಲ್ಲಿ ವಿಲೀನವಾಯಿತು. ಅದೇ ಆವರಣದ ಗುಲ್ಶನ್ ಮಹಲಿನಲ್ಲಿ 2019ರಿಂದ ಭಾರತೀಯ ಸಿನಿಮಾದ ರಾಷ್ಟ್ರೀಯ ವಸ್ತುಸಂಗ್ರಹಾಲಯ ಇದೆ. ಭಿವಂಡಿ, ಕಲ್ಯಾಣದ ಕಡೆಯವರು ದಾದರಿನಲ್ಲಿ ಗಾಡಿ ಬದಲಿಸಿ ಗ್ರಾಂಟ್ ರೋಡಿನಲ್ಲಿ ಇಳಿದರೆ ಹತ್ತಿರ. ಮೊಮ್ಮಕ್ಕಳನ್ನು ಕರೆದುಕೊಂಡು ಹೋಗಿ.

ಇನ್ನೊಂದು ವಿಷಯ. ಫಿಲ್ಮ್ಸ್ ಡಿವಿಷನ್ ಚಿತ್ರಗಳು ಕನ್ನಡದಲ್ಲೂ ಬರುತ್ತಿದ್ದವು. ಕನ್ನಡದಲ್ಲಿ ಬರಬೇಕಾದರೆ ಬರೆದವರು, ದನಿ ಕೊಟ್ಟವರು ಇರಲೇಬೇಕಲ್ಲ? ನಿಮ್ಮ ಮನೆಯಲ್ಲಿ, ಬಿಲ್ಡಿಂಗಿನಲ್ಲಿ ಅಂಥವರಿದ್ದರೆ, ಅಥವಾ ಟ್ರೇಸಿಂಗ್, ಬಣ್ಣದ ಕೆಲಸ ಮಾಡಿದವರಿದ್ದರೆ, ಅವರ ಒಪ್ಪಿಗೆ ಪಡೆದು ನಮಗೊಂದು ಕಾಗದ ಬರೆಯಿರಿ. ಹೆಸರುಗಳನ್ನು ಗಾಳಿಯಲ್ಲಿ ನಾನು ಓದುತ್ತೇನೆ. ಭಿವಂಡಿಯ ಅಣ್ಣ ಕೇಳಿಸಿಕೊಳ್ಳಲಿ.