ಬಸ್ಸಾರಿನ ಹಳೇ ಲೆಕ್ಕ

ರಿಫಾದ ನಮ್ಮ ರೂಮಿನಲ್ಲಿ ಶುಕ್ರವಾರ ಬಂದರೆ ಮುದ್ದೆ, ಬಸ್ಸಾರು. ಹುರುಳಿಕಾಳು ಬೇಯಿಸಿ ಕಟ್ಟು ಬಸಿಯುವುದರಿಂದಲೇ ಅದಕ್ಕೆ ಆ ಹೆಸರು. ಒಣಮೆಣಸಿನಕಾಯಿ, ಧನಿಯಾ, ಜೀರಿಗೆ, ಬೆಳ್ಳುಳ್ಳಿ, ತೆಂಗಿನಕಾಯಿ ರುಬ್ಬಿ, ಕಟ್ಟಿಗೆ ಹಾಕಿ, ಹುಣಸೆಹುಳಿ ಬಿಟ್ಟು ಕುದಿಸೋದು. ಅವ್ವ ಫೋನಿನಲ್ಲೇ ಹೇಳಿಕೊಟ್ಟಳು.

ಅಡುಗೆ ಬರೆದಿಡುವುದು ಕನ್ನಡಕ್ಕೆ ಹೊಸದಲ್ಲ. ಸುಮಾರು 1025ರಲ್ಲಿ ಚಾಲುಕ್ಯ ಜಯಸಿಂಹನ ಕಾಲದ ಎರಡನೇ ಚಾವುಂಡರಾಯ ‘ಲೋಕೋಪಕಾರ’ದಲ್ಲಿ ಬೇಸಾಯ, ವೈದ್ಯದ ಜೊತೆಗೆ ಅಡುಗೆಯನ್ನೂ ಹೇಳಿದ್ದಾನೆ. 16ನೇ ಶತಮಾನದ ಆರಂಭದಲ್ಲಿ ಮೂರನೇ ಮಂಗರಸ ಅಡುಗೆಗೇ ಅಂತ ‘ಸೂಪಶಾಸ್ತ್ರ’ ಬರೆದ. ಆಗ ನಮ್ಮ ಅಡುಗೆಯಲ್ಲಿ ಮೆಣಸಿನಕಾಯಿ ಇರಲಿಲ್ಲ, ಖಾರಕ್ಕೆ ಕರಿಮೆಣಸು. ಮೆಣಸಿನಕಾಯಿ ಅಮೆರಿಕದ ಬೆಳೆ. ನಮ್ಮ ಕಡೆಗೆ ಪೋರ್ಚುಗೀಸರ ಹಡಗಿನಲ್ಲಿ ಬಂತು. ಹೊಸ ಕಾಯಿಗೆ ನಮ್ಮವರು ಹಳೇ ಮೆಣಸಿನ ಹೆಸರನ್ನೇ ಇಟ್ಟರು. ಬರಹ ಉಳಿದದ್ದಕ್ಕೇ ಇದೆಲ್ಲ ಗೊತ್ತಾಗೋದು.

ನಮ್ಮಜ್ಜಿ ಸಾರಿನ ರುಚಿಯೇ ಬೇರೆ ಅಂತ ಅಪ್ಪ ಹೇಳ್ತಿದ್ದರು. ಅಜ್ಜಿ ಏನು ಹಾಕ್ತಿದ್ದಳೋ, ಯಾರೂ ಕೇಳಿಟ್ಟುಕೊಳ್ಳಲಿಲ್ಲ. ಸಾವಿರ ವರ್ಷದ ಹಿಂದಿನ ಅಡುಗೆ ಓದೋಕೆ ಸಿಗುತ್ತೆ, ನಮ್ಮಜ್ಜಿಯದು ಹೋಯಿತು.

ಅವ್ವನ ಲೆಕ್ಕ ‘ಒಂದು ಹಿಡಿ’. ನನ್ನ ಹಿಡಿ ದೊಡ್ಡದು, ಸಾರು ಕೆಡ್ತಿತ್ತು. ಕೊನೆಗೆ ಊರಲ್ಲಿ ತಂಗಿ ಅವ್ವನ ಹಿಡಿಯನ್ನೇ ತೂಗಿದಳು: ಧನಿಯಾ 20 ಗ್ರಾಂ. ಡೈರಿಯಲ್ಲಿ ಬರೆದಿಟ್ಟಿದ್ದೇನೆ. ನೀವೂ ಈ ಸಲ ಊರಿಗೆ ಹೋದಾಗ ಕೇಳಿ ಬರೆದುಕೊಂಡು ಬನ್ನಿ.