ಬಳ್ಳಾರಿ ಸೀಮೆಯ ಕೂಲಿಮಠಗಳ ಪಾಠಕ್ರಮ: 1823ರ ವರದಿಯೊಂದರ ಪರಿಶೀಲನೆ

ಕನ್ನಡ ನಾಡಿನ ಹಳ್ಳಿಗಳಲ್ಲಿ ಶಾಲೆಯನ್ನು ಮಠವೆಂದೂ, ಅಲ್ಲಿ ಕಲಿಸುವವರನ್ನು ಐಗಳೆಂದೂ ಕರೆಯುತ್ತಿದ್ದ ಕಾಲವೊಂದಿತ್ತು. ಹುಡುಗನೊಬ್ಬ ಮಠಕ್ಕೆ ಹೋಗುತ್ತಾನೆಂದರೆ ಓದುಬರಹ ಕಲಿಯುತ್ತಿದ್ದಾನೆಂದೇ ಜನ ತಿಳಿಯುತ್ತಿದ್ದರು. ಕಲಿತದ್ದಕ್ಕೆ ಕೂಲಿ ಸಲ್ಲುತ್ತಿದ್ದುದರಿಂದ ಅದು ಕೂಲಿಮಠವೆನಿಸಿತು. ಈ ಕೂಲಿಮಠಗಳ ವಿಷಯದಲ್ಲಿ ಇಂದು ಎರಡು ಅಭಿಪ್ರಾಯಗಳು ಪ್ರಚಲಿತವಾಗಿವೆ. ಅಲ್ಲಿ ಬೆತ್ತ ಮತ್ತು ಬಾಯಿಪಾಠಗಳ ಹೊರತು ಮತ್ತೇನೂ ಇರಲಿಲ್ಲವೆಂದು ಕೆಲವರು ಹೇಳಿದರೆ, ಪರಕೀಯರು ಬಂದು ಕೆಡಿಸುವವರೆಗೆ ನಮ್ಮ ವಿದ್ಯಾಪದ್ಧತಿ ಸರ್ವಾಂಗ ಸುಂದರವಾಗಿತ್ತೆಂದು ಇನ್ನು ಕೆಲವರು ಹೇಳುತ್ತಾರೆ. ಇಬ್ಬರೂ ಐಗಳನ್ನು ಸಾಕ್ಷಿಕಟ್ಟೆಗೆ ಕರೆದಿಲ್ಲ. ಐಗಳು ಏನನ್ನು ಪಾಠವೆಂದು ಆಯ್ದುಕೊಂಡರು, ಅದನ್ನು ಯಾವ ಕ್ರಮದಲ್ಲಿ ಕಲಿಸಿದರು, ಕಲಿತದ್ದನ್ನು ಹೇಗೆ ಒರೆಗೆ ಹಚ್ಚಿದರು ಎಂಬುದನ್ನು ತಿಳಿಯಲು ನಮಗಿರುವ ಒಳ್ಳೆಯ ಆಧಾರಗಳಲ್ಲಿ ಒಂದನ್ನು ಇಲ್ಲಿ ಪರಿಶೀಲಿಸಲಾಗಿದೆ.

ಮದರಾಸಿನ ಗವರ್ನರನಾಗಿದ್ದ ಸರ್ ತಾಮಸ್ ಮನ್ರೋ 1822ರ ಜೂನ್ 25ರಂದು ತನ್ನ ಆಧಿಪತ್ಯದ ಜಿಲ್ಲೆಗಳಲ್ಲಿರುವ ಶಾಲೆಗಳ ಲೆಕ್ಕವನ್ನು ಕಳುಹಿಸಬೇಕೆಂದು ಕಲೆಕ್ಟರರಿಗೆ ಸೂಚಿಸುವ ಟಿಪ್ಪಣಿಯನ್ನು ಬರೆದನು. ಹೆಚ್ಚಿನವರು ಕೋಷ್ಟಕಗಳನ್ನು ತುಂಬಿ ಕೈತೊಳೆದುಕೊಂಡರು. ಬಳ್ಳಾರಿಯ ಕಲೆಕ್ಟರ್ ಎ. ಡಿ. ಕ್ಯಾಂಬೆಲ್ ಮಾತ್ರ 1823ರ ಆಗಸ್ಟ್ 17ರಂದು ಕೋಷ್ಟಕದೊಡನೆ ದೀರ್ಘವಾದ ವರದಿಯೊಂದನ್ನೂ ಕಳುಹಿಸಿದನು. ಈತ ಬರಿಯ ಕಂದಾಯದ ಅಧಿಕಾರಿಯಲ್ಲ, 1816ರಲ್ಲಿ ತೆಲುಗು ವ್ಯಾಕರಣವೊಂದನ್ನು ಪ್ರಕಟಿಸಿದ್ದ ಭಾಷಾಜ್ಞ. ಭಾಷೆಯ ಕಲಿಕೆ ಹೇಗೆ ನಡೆಯುತ್ತದೆಂಬುದನ್ನು ಗಮನಿಸುವ ಕಣ್ಣು ಅವನಿಗಿತ್ತು.

ಆಗಿನ ಬಳ್ಳಾರಿ ಜಿಲ್ಲೆಯಲ್ಲಿ ಅನಂತಪುರವೂ ಸೇರಿತ್ತೆಂಬುದನ್ನು ನೆನಪಿಡಬೇಕು. ಜನಸಂಖ್ಯೆ 9,27,857, ಶಾಲೆಗಳು 533, ಕಲಿಯುವವರು 6,641. ಅಂದರೆ ಶಾಲೆಗೆ ಸುಮಾರು ಹನ್ನೆರಡು ಮಕ್ಕಳು. ಶಾಲೆಗಳ ಪೈಕಿ ಕನ್ನಡದವು 235, ತೆಲುಗಿನವು 226, ಮರಾಠಿಯವು 23, ಪಾರಸಿಯವು 21, ತಮಿಳಿನವು 4, ಇಂಗ್ಲಿಷಿನದು ಒಂದೇ ಒಂದು. ಉಳಿದ 23 ಬ್ರಾಹ್ಮಣರಿಗೆ ಮಾತ್ರ ಮೀಸಲಾದ ಸಂಸ್ಕೃತ ಪಾಠಸ್ಥಾನಗಳು. ಹಿಂದೂ ಹುಡುಗರಲ್ಲಿ ಬ್ರಾಹ್ಮಣರು 1,185, ವೈಶ್ಯರು 981, ಶೂದ್ರರು 2,998, ಇತರ ಜಾತಿಯವರು 1,174. ಮುಸಲ್ಮಾನ ವಿದ್ಯಾರ್ಥಿಗಳು 243. ಹೆಣ್ಣುಮಕ್ಕಳು ಕೇವಲ ಅರವತ್ತು. ಅವರಲ್ಲಿ ಬ್ರಾಹ್ಮಣ, ವೈಶ್ಯ ಮನೆಗಳಿಂದ ಬಂದವರು ಮೂವರಾದರೆ, ಶೂದ್ರ ಮತ್ತು ಇತರ ಮನೆಗಳಿಂದ ಬಂದವರು ಐವತ್ತೇಳು. ಒಂಬತ್ತು ಲಕ್ಷ ಜನರ ನಾಡಿನಲ್ಲಿ ಅರವತ್ತು ಹೆಣ್ಣುಮಕ್ಕಳು! ಹಳೆಯ ಪದ್ಧತಿಯನ್ನು ಹೊಗಳುವವರು ಈ ಅಂಕಿಯ ಮುಂದೆ ಸ್ವಲ್ಪ ಹೊತ್ತು ನಿಲ್ಲುವುದು ಒಳ್ಳೆಯದು. ಲಿಂಗಧಾರಿಗಳಿಗೆ ಕೋಷ್ಟಕದಲ್ಲಿ ಪ್ರತ್ಯೇಕ ಅಂಕಣವಿರಲಿಲ್ಲ. ಆದರೆ ಅವರ ಮಕ್ಕಳು ಈ ಮಠಗಳಲ್ಲಿದ್ದರೆಂಬುದು, ಮುಂದೆ ನೋಡಲಿರುವಂತೆ, ಪುಸ್ತಕಗಳ ಪಟ್ಟಿಯಿಂದ ಸ್ಪಷ್ಟವಾಗುತ್ತದೆ.

ಮಗುವಿಗೆ ಐದು ವರ್ಷ ತುಂಬಿದಾಗ ಐಗಳನ್ನೂ ಮಠದ ಮಕ್ಕಳನ್ನೂ ಮನೆಗೆ ಕರೆಯುತ್ತಿದ್ದರು. ಗಣಪತಿಯ ಮೂರ್ತಿಯ ಸುತ್ತ ಎಲ್ಲರೂ ಕುಳಿತಮೇಲೆ ಮಗುವಿನ ಬೆರಳು ಹಿಡಿದು ಅಕ್ಕಿಯಲ್ಲಿ ದೇವರ ಹೆಸರನ್ನು ಬರೆಯಿಸುತ್ತಿದ್ದರು. ಮರುದಿನ ಬೆಳಿಗ್ಗೆ ಮಠ. ಬಡತನದಿಂದ ಐದು ವರ್ಷಕ್ಕೇ ಓದು ಬಿಟ್ಟವರೂ ಇದ್ದರು, ಹದಿನಾಲ್ಕು ಹದಿನೈದು ವರ್ಷ ಓದಿದವರೂ ಇದ್ದರು.

ಬೆಳಗಿನ ಆರು ಗಂಟೆಗೆ ಮಠ ತೆರೆಯುತ್ತಿತ್ತು. ಮೊದಲು ಬಂದವನ ಅಂಗೈಯಲ್ಲಿ ಸರಸ್ವತಿಯ ಹೆಸರು. ಎರಡನೆಯವನ ಕೈಯಲ್ಲಿ ಸೊನ್ನೆ, ಅವನಿಗೆ ಹೊಗಳಿಕೆಯೂ ಇಲ್ಲ ತೆಗಳಿಕೆಯೂ ಇಲ್ಲ. ಮೂರನೆಯವನಿಗೆ ಮೆಲ್ಲನೆ ಒಂದು ಏಟು, ನಾಲ್ಕನೆಯವನಿಗೆ ಎರಡು, ಹೀಗೆ ಏರುತ್ತ ಹೋಗುತ್ತಿತ್ತು. ಸೋಮಾರಿಯನ್ನು ಹೊಡೆಯುವುದಲ್ಲದೆ ಕೈಕಟ್ಟಿ ಮಾಡಿಗೆ ತೂಗುಹಾಕುವುದೂ ಉಂಟಾಗಿತ್ತು. ಇದನ್ನು ಯಾವ ಮಾತಿನಿಂದಲೂ ಸಮರ್ಥಿಸಲಾಗದು. ಹನ್ನೆರಡು ಮಕ್ಕಳ ಮಠದಲ್ಲಿ ಕೊನೆಗೆ ಬಂದವನ ಗತಿಯನ್ನು ಓದುಗರೇ ಎಣಿಸಿಕೊಳ್ಳಬಹುದು.

ಪಾಠದ ಕ್ರಮಕ್ಕೆ ಬಂದರೆ, ಅಲ್ಲಿ ಯೋಚನೆಯೊಂದು ಇದ್ದುದು ವಿದಿತವಾಗುತ್ತದೆ. ಮಕ್ಕಳನ್ನು ಸಾಮಾನ್ಯವಾಗಿ ನಾಲ್ಕು ವರ್ಗಗಳಾಗಿ ವಿಂಗಡಿಸಲಾಗುತ್ತಿತ್ತು. ವಯಸ್ಸಾಗಲಿ ವರ್ಷವಾಗಲಿ ಇದಕ್ಕೆ ಅಳತೆಗೋಲಲ್ಲ; ಯಾವನು ಕಲಿತನೋ ಅವನು ಮೇಲಿನ ವರ್ಗಕ್ಕೆ ಏರಿದನು. ಮೇಲಿನ ವರ್ಗದವರನ್ನು ಐಗಳು ತಾವೇ ನೋಡಿಕೊಂಡು, ಕೆಳಗಿನ ವರ್ಗಗಳನ್ನು ಹಿರಿಯ ವಿದ್ಯಾರ್ಥಿಗಳಿಗೆ ಒಪ್ಪಿಸುತ್ತಿದ್ದರು. ಕಲಿಸುವವನೂ ತನ್ನ ಕಲಿಕೆಯನ್ನು ಗಟ್ಟಿಮಾಡಿಕೊಳ್ಳುವ ಈ ಏರ್ಪಾಡನ್ನು ಕ್ಯಾಂಬೆಲ್ ಮನಸಾರೆ ಮೆಚ್ಚಿಕೊಂಡಿದ್ದಾನೆ. ಮದರಾಸಿನ ಎಗ್ಮೋರಿನ ಅನಾಥಾಲಯದ ಮೇಲ್ವಿಚಾರಕನಾಗಿದ್ದ ಆಂಡ್ರೂ ಬೆಲ್ ಅಲ್ಲಿ ಇದೇ ರೀತಿಯನ್ನು ಅಳವಡಿಸಿ, 1797ರಲ್ಲಿ ಅದರ ವಿವರವನ್ನು ಪುಸ್ತಕವಾಗಿ ಪ್ರಕಟಿಸಿದ್ದನು. ಇಂಗ್ಲೆಂಡಿನಲ್ಲಿ ಅದು ಮದರಾಸು ಪದ್ಧತಿಯೆಂದೇ ಹೆಸರಾಯಿತು. ಮದರಾಸಿನ ಮಕ್ಕಳು ಮರಳಿನಲ್ಲಿ ಬರೆಯುವುದನ್ನು ಕಂಡು ಬೆಲ್ ಅದನ್ನು ತನ್ನ ಶಾಲೆಗೆ ತಂದುಕೊಂಡನೆಂಬುದೂ ಪ್ರಸಿದ್ಧವಾದ ಸಂಗತಿ.

ಮಗು ಅಕ್ಷರವನ್ನು ಮೊದಲು ಉಚ್ಚರಿಸಿ ಕಲಿಯುತ್ತಿರಲಿಲ್ಲ, ಮರಳಿನಲ್ಲಿ ಬೆರಳಿನಿಂದ ಬರೆದು ಕಲಿಯುತ್ತಿತ್ತು. ಕೈ ಕುದುರಿದಮೇಲೆ ಓಲೆಗರಿಯ ಮೇಲೆ ಕಂಠದಿಂದ, ಕಾಗದದ ಮೇಲೆ ಲಾಳದ ಕಡ್ಡಿಯಿಂದ, ಇಲ್ಲವೆ ಹಲಗೆ ಮತ್ತು ಕಡತಗಳ ಮೇಲೆ ಬಳಪದಿಂದ ಬರೆಯುವ ಅಧಿಕಾರ ದೊರೆಯುತ್ತಿತ್ತು. ಬಳ್ಳಾರಿಯ ಕಡೆ ಹಲಗೆ, ಕಡತಗಳೇ ಹೆಚ್ಚು. ಒಂದಡಿ ಅಗಲ, ಮೂರಡಿ ಉದ್ದದ ಹಲಗೆಗೆ ಅನ್ನವನ್ನೂ ಇದ್ದಿಲಪುಡಿಯನ್ನೂ ಬಳಿದರೆ ಬರೆಯಲು ಸಿದ್ಧ. ಬಟ್ಟೆಗೆ ಗಂಜಿ ಹಾಕಿ, ಪುಸ್ತಕದಂತೆ ಮಡಿಸಿ, ಇದ್ದಿಲು ಮತ್ತು ಅಂಟುಗಳ ಲೇಪವನ್ನು ಕೊಟ್ಟರೆ ಕಡತ. ಒದ್ದೆ ಬಟ್ಟೆಯಿಂದ ಒರಸಿ ಮತ್ತೆ ಬರೆಯಬಹುದಾಗಿತ್ತು. ಅಡುಗೆಮನೆಯ ಅನ್ನ ಮತ್ತು ಇದ್ದಿಲುಗಳಿಂದ ಹುಟ್ಟಿದ ಈ ಸಾಮಗ್ರಿಯ ಮಿತವ್ಯಯವೂ ಕಲೆಕ್ಟರನ ಪ್ರಶಂಸೆಗೆ ಪಾತ್ರವಾಗಿದೆ.

ಅಕ್ಷರಗಳಾದಮೇಲೆ ಕಾಗುಣಿತ, ಆಮೇಲೆ ಮನುಷ್ಯರ, ಊರುಗಳ, ಪ್ರಾಣಿಗಳ ಹೆಸರುಗಳು, ಕೊನೆಗೆ ಅಂಕಿಗಳು. ಮಗು ತಾನು ಬಲ್ಲ ಹೆಸರುಗಳನ್ನೇ ಮೊದಲು ಬರೆಯಲಿ ಎಂಬ ಈ ಎಣಿಕೆ ಸಾಮಾನ್ಯವಾದುದಲ್ಲ. ಲೆಕ್ಕದಲ್ಲಿ ಸಂಕಲನ, ವ್ಯವಕಲನ, ಗುಣಾಕಾರಗಳಲ್ಲದೆ ಭಿನ್ನರಾಶಿಗೆ ವಿಶೇಷ ಲಕ್ಷ್ಯವಿತ್ತು. ಅದು ಹತ್ತರಿಂದ ಇಳಿಯದೆ ನಾಲ್ಕರಿಂದ ಇಳಿಯುತ್ತಿತ್ತು: ಕಾಲು, ಕಾಲಿನ ಕಾಲು ವೀಸ, ವೀಸದ ಕಾಲು ಕಾಣಿ. ಸಂತೆಯಲ್ಲಿ ನಡೆಯುತ್ತಿದ್ದ ಲೆಕ್ಕ ಇದೇ ಆಗಿದ್ದುದರಿಂದ ಮಠದಲ್ಲಿಯೂ ಇದೇ ನಡೆಯಿತು. ದಿನಕ್ಕೆ ಎರಡು ಸಲ ಮಕ್ಕಳು ಸಾಲಾಗಿ ನಿಂತು, ಹಿರಿಯ ವಿದ್ಯಾರ್ಥಿಯೊಬ್ಬ ಹೇಳಿಕೊಟ್ಟಂತೆ ಮಗ್ಗಿ, ಭಿನ್ನ, ಅಳತೆ, ತೂಕಗಳನ್ನು ಒಪ್ಪಿಸಬೇಕಾಗಿತ್ತು.

ಈ ಪಾಠಕ್ರಮದಲ್ಲಿ ನನಗೆ ಅತ್ಯಂತ ಸ್ವಾರಸ್ಯವಾಗಿ ಕಂಡ ಭಾಗವೆಂದರೆ ಕೈಬರಹದ ಓದು. ಐಗಳು ಸರ್ಕಾರದ ಕಾಗದಗಳನ್ನೂ ಖಾಸಗಿ ಓಲೆಗಳನ್ನೂ ಅಲ್ಲಲ್ಲಿಂದ ಕೂಡಿಹಾಕಿ, ಬಗೆಬಗೆಯ ಕೈಬರಹಗಳನ್ನು ಬಿಡಿಸಿ ಓದುವುದನ್ನು ಮಕ್ಕಳಿಗೆ ಕಲಿಸುತ್ತಿದ್ದರು. ಕಾಗದ ಬರೆಯುವುದು, ಕರಾರುಪತ್ರದ ಒಕ್ಕಣೆ ಮಾಡುವುದು ಇದರ ಮುಂದಿನ ಮೆಟ್ಟಿಲು. ಅಚ್ಚಿನ ಪುಸ್ತಕಗಳು ಹಳ್ಳಿಯನ್ನು ಮುಟ್ಟದಿದ್ದ ಕಾಲದಲ್ಲಿ ಜಗತ್ತೆಲ್ಲ ಕೈಬರಹದಲ್ಲಿಯೇ ಇತ್ತು. ಶಾನುಭೋಗನ ಬರವಣಿಗೆಯನ್ನು ಓದಬಲ್ಲವನು ಮೋಸಹೋಗುವುದು ಕಷ್ಟ. ಈ ಪಾಠವನ್ನು ಯಾವ ಮಂಡಲಿಯೂ ಗೊತ್ತುಮಾಡಲಿಲ್ಲ. ಊರಿನ ಅಗತ್ಯವನ್ನು ಕಂಡು ಐಗಳೇ ಗೊತ್ತುಮಾಡಿದರು, ಅದಕ್ಕೆ ಬೇಕಾದ ಸಾಮಗ್ರಿಯನ್ನೂ ಅವರೇ ಒದಗಿಸಿಕೊಂಡರು.

ಇನ್ನು ಗ್ರಂಥಗಳು. ರಾಮಾಯಣ, ಮಹಾಭಾರತ, ಭಾಗವತ ಎಲ್ಲ ಜಾತಿಯವರಿಗೂ ಸಾಧಾರಣವಾಗಿದ್ದವು. ಕುಶಲಕರ್ಮಿಗಳ ಮಕ್ಕಳು ವಿಶ್ವಕರ್ಮ ಪುರಾಣವೇ ಮೊದಲಾದವನ್ನು ಓದುತ್ತಿದ್ದರು. ಲಿಂಗಧಾರಿಗಳ ಮಕ್ಕಳು ಓದುತ್ತಿದ್ದ ಪುಸ್ತಕಗಳೆಂದು ಕ್ಯಾಂಬೆಲ್ ಕೊಡುವ ಹೆಸರುಗಳು ಇಂಗ್ಲಿಷ್ ಕಾಗುಣಿತದಲ್ಲಿ ಸಾಕಷ್ಟು ನಲುಗಿದ್ದರೂ ಬಸವಪುರಾಣ, ರಾಘವಾಂಕ ಕಾವ್ಯ, ಗಿರಿಜಾ ಕಲ್ಯಾಣ, ಅನುಭವಾಮೃತ, ಚೆನ್ನಬಸವಪುರಾಣಗಳನ್ನು ಗುರುತಿಸಬಹುದು. ವಿನೋದಕ್ಕೆ ಪಂಚತಂತ್ರ ಮತ್ತು ಬೇತಾಳನ ಕಥೆಗಳು. ಭಾಷಾಜ್ಞಾನಕ್ಕೆ ಅಮರ, ನಿಘಂಟು, ಶಬ್ದಮಣಿದರ್ಪಣ. ಸಾಹಿತ್ಯದ ವಿದ್ಯಾರ್ಥಿಗಳು ಈ ಪಟ್ಟಿಯಲ್ಲಿ ಎರಡು ಅಂಶಗಳನ್ನು ಗಮನಿಸಬೇಕು. ಅನುಭವಾಮೃತವೆಂಬ ಹೆಸರಿನಿಂದ ಪ್ರಸಿದ್ಧವಾದುದು ಮಹಲಿಂಗರಂಗನ ಅದ್ವೈತ ಗ್ರಂಥ. ವರದಿಯಲ್ಲಿ ಹೇಳಿರುವುದು ಅದೇ ಆಗಿದ್ದರೆ ಲಿಂಗಧಾರಿ ಬಾಲಕರ ಓದಿನಲ್ಲಿ ಮತದ ಗೋಡೆಗಳು ನಾವು ಎಣಿಸುವಷ್ಟು ಎತ್ತರವಾಗಿರಲಿಲ್ಲವೆಂದು ಹೇಳಬೇಕಾಗುತ್ತದೆ. ಎರಡನೆಯದಾಗಿ, ಈ ಪಟ್ಟಿಯಲ್ಲಿ ವಚನಗಳ ಹೆಸರಿಲ್ಲ. ಶರಣರ ಚರಿತೆಯನ್ನು ಮಕ್ಕಳು ಪುರಾಣಗಳ ಮೂಲಕ ತಿಳಿದರು. ಇದಕ್ಕೆ ಕಾರಣ ಅನಾದರವೆಂದು ನಾನು ಭಾವಿಸುವುದಿಲ್ಲ. ಪದ್ಯವನ್ನು ಬಾಯಿಪಾಠ ಮಾಡಿಸುವುದರ ಮುಖ್ಯ ಉದ್ದೇಶ ಉಚ್ಚಾರ ಶುದ್ಧಿ ಮತ್ತು ಓದಿನ ಸರಾಗತೆಯೆಂದು ವರದಿಯೇ ಹೇಳುತ್ತದೆ. ಭೀಮಕವಿ, ವಿರೂಪಾಕ್ಷ ಪಂಡಿತರ ವಾರ್ಧಕ ಷಟ್ಪದಿ ಇದಕ್ಕೆ ಹೇಳಿ ಮಾಡಿಸಿದಂತಿದೆ. ವಚನದ ನಡೆ ಬೇರೆ. ಫ. ಗು. ಹಳಕಟ್ಟಿಯವರ ವಚನಶಾಸ್ತ್ರಸಾರದ ಮೊದಲ ಭಾಗ ಅಚ್ಚಾದುದು 1923ರಲ್ಲಿ, ಈ ವರದಿ ಬರೆದು ಸರಿಯಾಗಿ ನೂರು ವರ್ಷಗಳಾದಮೇಲೆ. ವಚನ ಶಾಲೆಯ ಪಾಠವಾಗುವುದಕ್ಕೆ ಮೊದಲು ಅಷ್ಟು ಕಾಲ ಕಾಯಬೇಕಾಯಿತು.

ಕ್ಯಾಂಬೆಲ್ಲನ ಮುಖ್ಯ ಆಕ್ಷೇಪಣೆ ಇಲ್ಲಿಯೇ ಇದೆ. ಮಕ್ಕಳು ಅಸಂಖ್ಯ ಪದ್ಯಗಳನ್ನು ಗಿಳಿಯಂತೆ ಒಪ್ಪಿಸುತ್ತಾರೆ, ಅರ್ಥ ತಿಳಿಯದು. ಗ್ರಂಥಗಳ ಭಾಷೆ ಆಡುಮಾತಿಗೆ ದೂರ. ಕಲಿಸುವವರಿಗೂ ಅರ್ಥ ಗೊತ್ತಿರುವುದು ವಿರಳ. ಪ್ರತಿಗಳು ತಪ್ಪುಗಳಿಂದ ತುಂಬಿವೆ. ಈ ಆಕ್ಷೇಪಣೆಯನ್ನು ಮುಂದಿನವರೆಲ್ಲ ಎತ್ತಿ ಹೇಳಿದ್ದಾರೆ. ಆದರೆ ಅದೇ ವರದಿಯಲ್ಲಿ ಇನ್ನೊಂದು ಕಡೆ ಇರುವ ಕೂಲಿಯ ವಿವರವನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಮರಳಿನಲ್ಲಿ ಬರೆಯುವ ಮಗುವಿಗೆ ತಿಂಗಳಿಗೆ ಕಾಲು ರೂಪಾಯಿ. ಕಾಗದದ ಬರಹಕ್ಕೆ ಅಥವಾ ಮೇಲಿನ ಲೆಕ್ಕಕ್ಕೆ ಬಂದಾಗ ಅರ್ಧ ರೂಪಾಯಿ. ಅದರಾಚೆ, ಕಾವ್ಯದ ಅರ್ಥವನ್ನು ಬಿಡಿಸಿ ಹೇಳುವುದಕ್ಕೂ ಸಂಸ್ಕೃತ ಪದಗಳನ್ನು ವಿವರಿಸುವುದಕ್ಕೂ ವ್ಯಾಕರಣ ತತ್ತ್ವಗಳನ್ನು ಕಲಿಸುವುದಕ್ಕೂ ಕೇಳುವ ಕೂಲಿ ಹೆಚ್ಚಿನ ತಂದೆತಾಯಿಗಳ ಶಕ್ತಿಗೆ ಮೀರಿದ್ದು. ಆದಕಾರಣ ಮಕ್ಕಳ ಓದು ಅರ್ಧಕ್ಕೇ ನಿಲ್ಲುತ್ತಿತ್ತು.

ಇದರಿಂದ ತಿಳಿದುಬರುವುದೇನು? ಅರ್ಥವು ಪಾಠಕ್ರಮದಲ್ಲಿ ಇರಲಿಲ್ಲವೆಂಬ ಮಾತು ಸರಿಯಲ್ಲ. ಅದು ಇತ್ತು, ಆದರೆ ಕೊನೆಯ ಮೆಟ್ಟಿಲಿನಲ್ಲಿತ್ತು, ಮತ್ತು ಆ ಮೆಟ್ಟಿಲಿಗೆ ಬೆಲೆ ಹೆಚ್ಚಾಗಿತ್ತು. ಬಾಯಿಪಾಠ ಮೊದಲು, ಅರ್ಥ ಆಮೇಲೆ ಎಂಬ ಕ್ರಮ ಪೂರ್ತಿಯಾಗಿ ನಡೆದರೆ ಅದಕ್ಕೊಂದು ನ್ಯಾಯವಿದೆ. ನಡುವೆಯೇ ಕಡಿದುಹೋದರೆ ಉಳಿಯುವುದು ಗಿಳಿಯೋದು ಮಾತ್ರ. ಐಗಳ ದೋಷವೆಂದರೆ ಬಡವನ ಮಗ ಐದನೆಯ ವರ್ಷಕ್ಕೆ ಬಿಟ್ಟುಹೋಗುತ್ತಾನೆಂಬುದನ್ನು ಬಲ್ಲವರಾಗಿಯೂ ಅರ್ಥವನ್ನು ಮೊದಲಿಗೆ ತರದೆ ಹೋದುದು. ಲೆಕ್ಕದಲ್ಲಿ ಸಂತೆಯನ್ನು ಮಠಕ್ಕೆ ತಂದವರು ಕಾವ್ಯದಲ್ಲಿ ಆಡುಮಾತನ್ನು ತರಲಿಲ್ಲ. ಇಷ್ಟನ್ನು ಒಪ್ಪಲೇಬೇಕು. ಆದರೆ ತಂದೆತಾಯಿಗಳು ಬಡವರಾದುದಕ್ಕೆ ಐಗಳು ಹೊಣೆಯಲ್ಲ. ಯೂರೋಪಿನ ಬಟ್ಟೆಗಳು ಬಂದು ನೇಕಾರರ ಕಸುಬು ಕುಗ್ಗಿತು, ಜನರ ಬಡತನ ಹೆಚ್ಚಿತು ಎಂದು ಕಲೆಕ್ಟರನೇ ಬರೆದಿದ್ದಾನೆ. ಹಿಂದಿನ ಅರಸರು ವಿದ್ಯೆಗೆ ಹಣವನ್ನೂ ಭೂಮಿಯನ್ನೂ ಕೊಡುತ್ತಿದ್ದರು; ಈಗ 533 ಶಾಲೆಗಳಲ್ಲಿ ಒಂದಕ್ಕೂ ಸರ್ಕಾರದ ನೆರವಿಲ್ಲವೆಂದು ಹೇಳಲು ತನಗೆ ನಾಚಿಕೆಯಾಗುತ್ತದೆಂದೂ ಅವನು ಒಪ್ಪಿಕೊಂಡಿದ್ದಾನೆ. ಅಧಿಕಾರಿಯೊಬ್ಬ ತನ್ನ ಸರ್ಕಾರಕ್ಕೆ ಹೀಗೆ ಬರೆದುದು ಅಪರೂಪ.

ಮೌಲ್ಯಮಾಪನದ ವಿಷಯದಲ್ಲಿಯೂ ಈ ಕೂಲಿಯ ಏರ್ಪಾಡು ವಿಚಾರಾರ್ಹವಾಗಿದೆ. ಮಠದಲ್ಲಿ ವಾರ್ಷಿಕ ಪರೀಕ್ಷೆಯಿರಲಿಲ್ಲ. ಮರಳಿನಿಂದ ಕಾಗದಕ್ಕೆ ಏರುವುದೇ ತೇರ್ಗಡೆ. ಅದನ್ನು ನಿರ್ಣಯಿಸುವವರು ಐಗಳು. ಆದರೆ ಏರಿದೊಡನೆ ಕೂಲಿ ಇಮ್ಮಡಿಯಾಗುತ್ತಿದ್ದುದರಿಂದ ಹುಡುಗ ನಿಜವಾಗಿ ಕಲಿತಿದ್ದಾನೆಯೇ ಎಂದು ತಂದೆ ನೋಡದೆ ಬಿಡುತ್ತಿರಲಿಲ್ಲ. ಮಹಾನವಮಿಯಲ್ಲಿ ಐಗಳು ಮಕ್ಕಳನ್ನು ಕರೆದುಕೊಂಡು ಮನೆಮನೆಗೆ ಹೋಗಿ ಚೌಪದ ಹಾಡಿಸುತ್ತಿದ್ದ ರೂಢಿಯೂ ಕನ್ನಡ ನಾಡಿನಲ್ಲಿ ಬಹುಕಾಲ ಉಳಿದಿತ್ತು. ಕಾಣಿಕೆಯ ನೆಪದಲ್ಲಿ ಅದು ಊರ ಮುಂದಿನ ಪರೀಕ್ಷೆಯೂ ಆಗುತ್ತಿತ್ತು.

ಮನ್ರೋ 1826ರಲ್ಲಿ ಜಿಲ್ಲೆಗಳಲ್ಲಿಯೂ ತಾಲ್ಲೂಕುಗಳಲ್ಲಿಯೂ ಸರ್ಕಾರಿ ಶಾಲೆಗಳನ್ನು ತೆರೆಯುವ ಯೋಜನೆಯನ್ನು ಮಂಡಿಸಿದನು. ಜಿಲ್ಲೆಯ ಉಪಾಧ್ಯಾಯನಿಗೆ ತಿಂಗಳಿಗೆ 15 ರೂಪಾಯಿ, ತಾಲ್ಲೂಕಿನವನಿಗೆ 9 ರೂಪಾಯಿ. ಮರುವರ್ಷವೇ ಅವನು ಪತ್ತಿಕೊಂಡದಲ್ಲಿ ಕಾಲರಾ ರೋಗದಿಂದ ತೀರಿಕೊಂಡನು. 1836ರಲ್ಲಿ ಆ ಶಾಲೆಗಳನ್ನು ಮುಚ್ಚಲಾಯಿತು. 1854ರ ಆಜ್ಞಾಪತ್ರದ ತರುವಾಯ ವಿದ್ಯಾ ಇಲಾಖೆ ಬಂದಿತು, ಅಚ್ಚಾದ ಪಠ್ಯಪುಸ್ತಕ ಬಂದಿತು, ಇನ್‌ಸ್ಪೆಕ್ಟರು ಬಂದರು. 1860ರ ದಶಕದಲ್ಲಿ ಮದರಾಸು ಆಧಿಪತ್ಯದಲ್ಲಿ ಫಲಿತಾಂಶದ ಮೇಲೆ ಧನಸಹಾಯವೆಂಬ ನಿಯಮ ಜಾರಿಗೆ ಬಂದು, ಹಳೆಯ ಜಗಲಿ ಶಾಲೆಗಳೂ ಅದರೊಳಗೆ ಸೇರತೊಡಗಿದವು. ಎಷ್ಟು ಮಕ್ಕಳು ಓದು, ಬರಹ, ಲೆಕ್ಕಗಳಲ್ಲಿ ಇನ್‌ಸ್ಪೆಕ್ಟರರ ಮುಂದೆ ತೇರ್ಗಡೆಯಾದರೋ ಅಷ್ಟು ಹಣ. ಪಾಠವನ್ನು ಗೊತ್ತುಮಾಡುವ ಅಧಿಕಾರವೂ ಕಲಿತದ್ದನ್ನು ಅಳೆಯುವ ಅಧಿಕಾರವೂ ಹೀಗೆ ಐಗಳ ಕೈಬಿಟ್ಟವು. ಕಲಿಸುವ ಕೆಲಸ ಮಾತ್ರ ಉಳಿಯಿತು. ಬಿಡಿಕೈಬರಹದ ಓದು ಕ್ರಮೇಣ ಮರೆಯಾಯಿತು. ಹೆಣ್ಣುಮಕ್ಕಳಿಗೆ ಬಾಗಿಲು ತೆರೆಯಿತು. ಎರಡೂ ನಡೆದದ್ದು ಅದೇ ಬದಲಾವಣೆಯ ಕಾಲದಲ್ಲಿ.

ಕೊನೆಯದಾಗಿ ವಾಚಕರಲ್ಲಿ ಒಂದು ಬಿನ್ನಹ. ನಾವು ಇಲ್ಲಿ ನೋಡಿದುದೆಲ್ಲ ಕಲೆಕ್ಟರನ ಕಣ್ಣಿನಿಂದ ಕಂಡದ್ದು. ಹಳೆಯ ಮನೆಗಳ ಅಟ್ಟಗಳಲ್ಲಿಯೂ ಮಠಗಳ ಗ್ರಂಥಭಂಡಾರಗಳಲ್ಲಿಯೂ ಕಡತಗಳು ಸಿಕ್ಕುವುದುಂಟು. ಕಾವ್ಯವಾಗಲಿ ಶಾಸ್ತ್ರವಾಗಲಿ ಇಲ್ಲದ, ಬರಿಯ ಕಾಗುಣಿತ, ಮಗ್ಗಿ, ಊರ ಹೆಸರುಗಳಿರುವ ಕಡತ ಕಂಡರೆ ಅದನ್ನು ನಿರುಪಯುಕ್ತವೆಂದು ಬದಿಗಿಡಬೇಡಿ. ಹಾಳೆಗಳ ಸಂಖ್ಯೆ, ಅಂಕಿಗಳ ರೂಪ, ಹೆಸರಿಸಿದ ಊರುಗಳು, ಎಲ್ಲಿಯಾದರೂ ತಿದ್ದಿದ ಗುರುತು, ಇವಿಷ್ಟನ್ನು ಬರೆದಿಟ್ಟುಕೊಳ್ಳಿ. ಆ ತಿದ್ದುಗೆರೆ ಐಗಳದ್ದಾಗಿರಬಹುದು.